ಹಿತ್ತಲ ನಿಂಬೆ, ಹೇರಳೆ ಮರ ಸವರುವ ವಿದ್ಯೆ – ಅಂದು ಮತ್ತು ಇಂದು

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹಿರಿಯರು ಹೇಳಿದರು. ಸಾಲ, ಷೇರು, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಹೇಗೂ ವರದಿಯಲ್ಲಿ ಕೊಡುತ್ತಾರೆ. ಆದ್ದರಿಂದ ಒಬ್ಬ ರೈತನಾಗಿ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಸದಸ್ಯ ಬಂಧುಗಳಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ: "ಹಿತ್ತಲಲ್ಲಿ ನಿಂಬೆಮರ ಕಾಡು ಬೆಳೆದಂಗೆ ಬೆಳೆದುಬಿಟ್ಟಿದೆ, ಕಾಯಿ ಮಾತ್ರ ಇಲ್ಲ. ಕಡಿಸಿಬಿಡೋಣ ಅಂತಿದ್ದೀನಿ, ಏನಂತೀರಿ?" ಗುಬ್ಬಿ ಕಡೆಯವರು ಕೇಳುತ್ತಾರೆ, ಕುಣಿಗಲ್ ಕಡೆಯ ನೆಂಟರು ಕೇಳುತ್ತಾರೆ, ತುಮಕೂರಿನಲ್ಲಿ ಸೈಟು ತಗೊಂಡು ಮನೆ ಕಟ್ಟಿದವರೂ ಕೇಳುತ್ತಾರೆ.

ಕಡಿಸಬೇಡಿ, ಸವರಿಸಿ ಎಂಬುದೇ ನನ್ನ ಉತ್ತರ. ಆದರೆ ಸವರುವುದು ಅಂದರೆ ಸಿಕ್ಕಸಿಕ್ಕಲ್ಲಿ ಮಚ್ಚು ಬೀಸುವುದಲ್ಲ. ಅದು ನಮ್ಮ ದೇಶದ ಬಹಳ ಹಳೆಯ ವಿದ್ಯೆ. ಅದು ಹೇಗೆ ಇತ್ತು, ನಮ್ಮ ಕೈಯಿಂದ ಹೇಗೆ ಜಾರಿತು ಎಂಬ ಚರಿತ್ರೆ ತಿಳಿದರೆ ಮಚ್ಚು ಹಿಡಿದ ಕೈ ಒಂದು ಗಳಿಗೆ ನಿಂತು ಯೋಚನೆ ಮಾಡುತ್ತೆ. ಅದಕ್ಕಾಗಿ ಈ ಬರಹ.

ಹಿತ್ತಲ ಗಿಡದ ಕುಲಗೋತ್ರ

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯೇ ಇದೆ. ನಿಂಬೆಯ ವಿಷಯದಲ್ಲಿ ಈ ಗಾದೆ ಸುಳ್ಳಾಗಿ ಬಹಳ ಕಾಲವಾಯಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಇಂಗ್ಲಿಷ್ ನೌಕಾದಳದ ವೈದ್ಯರು, ಒಸಡು ಕೊಳೆತು ರಕ್ತ ಸೋರಿ ಸಾಯುತ್ತಿದ್ದ ನಾವಿಕರಿಗೆ ಬೇರೆ ಬೇರೆ ಔಷಧಿ ಕೊಟ್ಟು ನೋಡಿದರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಕೂತರು. ಸಿ ವಿಟಮಿನ್ ಎಂಬ ಹೆಸರು ಹುಟ್ಟುವುದಕ್ಕೆ ನೂರೈವತ್ತು ವರ್ಷಕ್ಕೂ ಮೊದಲಿನ ಮಾತು ಇದು.

ನಿಂಬೆ, ಗಜನಿಂಬೆ, ಹೇರಳೆ, ಮಾದಳ, ಕಿತ್ತಳೆ, ಮೂಸಂಬಿ, ಚಕ್ಕೋತ ಇವೆಲ್ಲ ಒಂದೇ ಮನೆತನದವು. ದೇವರ ತಲೆಗೇರುವ ಬಿಲ್ವ, ಪಾನಕದ ಬೇಲದ ಹಣ್ಣು, ಒಗ್ಗರಣೆಯ ಕರಿಬೇವು ಇವೂ ದೂರದ ದಾಯಾದಿಗಳೇ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳುವೇ ನಿಂಬೆಯ ಚಿಗುರನ್ನೂ ಮೇಯುವುದನ್ನು ನೀವು ನೋಡಿರಬಹುದು. ಈ ಹುಳಿ ಹಣ್ಣುಗಳ ಮೂಲ ಯಾವುದು ಎಂದು ವಿಜ್ಞಾನಿಗಳು ವಂಶವಾಹಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಈಶಾನ್ಯ ಭಾರತದ ಹಿಮಾಲಯದ ತಪ್ಪಲು, ಅದಕ್ಕೆ ಹೊಂದಿದ ಬರ್ಮಾ, ಚೀನಾದ ಯುನ್ನಾನ್ ಸೀಮೆ ಇವುಗಳ ತವರು ಎಂದು ತೀರ್ಮಾನವಾಯಿತು. ಮೂಸಂಬಿ ಮಾತ್ರ ಆಫ್ರಿಕಾದ ಮೊಜಾಂಬಿಕ್ ದೇಶದ ಹೆಸರನ್ನು ಹೊತ್ತು ತಿರುಗುತ್ತಿದೆ. ಮಾದಳದ ಹಣ್ಣು ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲೇ ಇದೆ. ಅಷ್ಟು ಹಳೆಯ ನಂಟು ನಮ್ಮದು.

ವರಾಹಮಿಹಿರನ ಮಾತು

ಮರಕ್ಕೆ ಕತ್ತಿ ತಾಗಿಸಬಾರದು ಎಂದು ಕೆಲವು ಹಿರಿಯರು ಹೇಳುವುದುಂಟು. ಆದರೆ ಹಳೆಯ ಶಾಸ್ತ್ರ ಹಾಗೆ ಹೇಳುವುದಿಲ್ಲ. ಕ್ರಿಸ್ತಶಕ 6ನೇ ಶತಮಾನದ ವರಾಹಮಿಹಿರ ಬರೆದ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದ ಎಂಬ ಒಂದು ಅಧ್ಯಾಯವೇ ಇದೆ. ಮರಕ್ಕೆ ಕಾಯಿಲೆ ಬಂದರೆ ಮೊದಲು ಆಯುಧದಿಂದ ಕೆಟ್ಟ ಭಾಗವನ್ನು ತೆಗೆದು ಶುದ್ಧಿ ಮಾಡಬೇಕು, ಆಮೇಲೆ ವಾಯುವಿಳಂಗ, ತುಪ್ಪ, ಕೆಸರು ಕಲಸಿ ಬಳಿಯಬೇಕು, ಹಾಲು ಬೆರೆಸಿದ ನೀರು ಹಾಕಬೇಕು ಎಂಬುದು ಅಲ್ಲಿನ ಕ್ರಮ. ಕಾಂಡ ನೆಟ್ಟು ಬೆಳೆಸಬಹುದಾದ ಗಿಡಗಳ ಪಟ್ಟಿಯಲ್ಲಿ ಬೀಜಪೂರ ಅಂದರೆ ನಮ್ಮ ಮಾದಳವೂ ಇದೆ. ಸಗಣಿ ಬಳಿದು ನೆಡಬೇಕು ಎನ್ನುತ್ತಾನೆ.

ಕನ್ನಡದಲ್ಲೂ ಈ ವಿದ್ಯೆ ಇತ್ತು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರ ಎಂಬ ಗ್ರಂಥದಲ್ಲಿ ಮಳೆ, ಬಾವಿ, ಅಡುಗೆ, ದನಕರುಗಳ ವೈದ್ಯದ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. ಸಾವಿರ ವರ್ಷದ ಹಿಂದೆ ಕನ್ನಡ ಓದಬಲ್ಲ ಗೃಹಸ್ಥನಿಗೆ ಮರದ ಆರೈಕೆ ತಿಳಿದಿರಬೇಕು ಎಂದು ಒಬ್ಬ ಪಂಡಿತನಿಗೆ ಅನಿಸಿತ್ತು.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಶಸ್ತ್ರ, ಆಮೇಲೆ ಲೇಪ, ಆಮೇಲೆ ನೀರು. ಇವತ್ತಿನ ತೋಟಗಾರಿಕೆ ಅಧಿಕಾರಿಗಳು ಹೇಳುವುದೂ ಇದೇ ಕ್ರಮವನ್ನೇ. ಲೇಪ ಮಾತ್ರ ಬದಲಾಗಿದೆ.

ದಾಖಲೆಗೆ ಬಾರದ ಮರ

1800ನೇ ಇಸವಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯರು ಮೈಸೂರು ಸೀಮೆಯೆಲ್ಲ ಸುತ್ತಿದರು. ತುಮಕೂರು, ಗುಬ್ಬಿ ಮಾರ್ಗವಾಗಿಯೂ ಹೋದರು. ಗುಬ್ಬಿಯ ವ್ಯಾಪಾರ, ಈ ಸೀಮೆಯ ಅಡಿಕೆ ತೋಟದ ಬೇಸಾಯ ಎಲ್ಲ ಅವರ ಪುಸ್ತಕದಲ್ಲಿದೆ. ಸಂತೆಗೆ ಹೋಗುವ ಪದಾರ್ಥಕ್ಕೆ ಲೆಕ್ಕ ಇರುತ್ತದೆ, ಕಂದಾಯ ಇರುತ್ತದೆ. ಹಿತ್ತಲ ನಿಂಬೆಗೆ ಆಗಲೂ ಲೆಕ್ಕವಿಲ್ಲ, ಈಗಲೂ ಪಹಣಿಯಲ್ಲಿ ಜಾಗವಿಲ್ಲ. ನಮ್ಮ ಸಂಘವೂ ಅಡಿಕೆ, ತೆಂಗು, ರಾಗಿಗೆ ಬೆಳೆಸಾಲ ಕೊಡುತ್ತದೆಯೇ ಹೊರತು ಒಂದು ಹೇರಳೆ ಮರಕ್ಕೆ ಯಾರು ಸಾಲ ಕೇಳುತ್ತಾರೆ, ಯಾರು ಕೊಡುತ್ತಾರೆ?

ಲೆಕ್ಕ ಇಲ್ಲದಿದ್ದರೂ ಆ ಮರ ಚೆನ್ನಾಗಿಯೇ ಇತ್ತು. ಅದಕ್ಕೆ ಕಾರಣ ನಮ್ಮ ಹಿಂದಿನವರ ಬದುಕಿನ ರೀತಿ. ಯಾರೂ ಇವತ್ತು ನಿಂಬೆಮರ ಸವರುತ್ತೇವೆ ಅಂತ ಹೊರಡುತ್ತಿರಲಿಲ್ಲ. ಕಣದ ಬೇಲಿಗೆ ಮುಳ್ಳು ಬೇಕಾದರೆ ಒಳಗಿನ ಮುಳ್ಳುಕೊಂಬೆ ಎಳೆಯುತ್ತಿದ್ದರು. ಒಲೆಗೆ ಪುಳ್ಳೆ ಬೇಕಾದರೆ ಒಣಗಿದ ರೆಂಬೆ ಮುರಿಯುತ್ತಿದ್ದರು. ನೆಲಕ್ಕೆ ಇಳಿಬಿದ್ದ ಕೊಂಬೆಯ ಚಿಗುರನ್ನು ಮೇಕೆ ಮೇಯುತ್ತಿತ್ತು. ಹೇರಳೆಕಾಯಿ ಗೊಜ್ಜಿಗೆ, ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಅಂತ ವರ್ಷಕ್ಕೆ ಹತ್ತು ಸಲ ಯಾರಾದರೂ ಮರದ ಕೆಳಗೆ ಬಗ್ಗಿ ನೋಡುತ್ತಿದ್ದರು. ಬದನಿಕೆ ಹುಟ್ಟಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು.

ಈ ಮಾತು ನಿಜವೇ ಅಂತ ಪರೀಕ್ಷಿಸಬೇಕಾದರೆ ಮನೆಯ ಕರಿಬೇವಿನ ಗಿಡ ನೋಡಿ. ಹೆಂಗಸರು ದಿನಾ ಒಂದೊಂದು ಕುಡಿ ಮುರಿಯುವ ಗಿಡ ಪೊದೆಯಾಗಿ, ಎಳೆ ಎಲೆ ತುಂಬಿ ನಿಂತಿರುತ್ತದೆ. ಯಾರೂ ಮುಟ್ಟದ ಗಿಡ ಗಳು ಬೆಳೆದಂತೆ ಮೇಲಕ್ಕೆ ಹೋಗಿ, ತುದಿಯಲ್ಲಿ ನಾಲ್ಕು ಎಲೆ ಹೊತ್ತಿರುತ್ತದೆ. ದಿನವೂ ಸವರುವವರಿಗೆ ತಾವು ಸವರುತ್ತಿದ್ದೇವೆ ಅಂತ ಗೊತ್ತೇ ಇರುವುದಿಲ್ಲ.

ಆಮೇಲೆ ಕಾಲ ಬದಲಾಯಿತು. ಬೇಲಿಗೆ ತಂತಿ ಬಂತು. ಗೋಬರ್ ಗ್ಯಾಸ್ ಬಂತು, ಸಿಲಿಂಡರ್ ಬಂತು, 2016ರ ಉಜ್ವಲ ಯೋಜನೆಯಲ್ಲಿ ಬಡವರ ಮನೆಗೂ ಬಂತು. ಹೊಗೆ ಹೋಯಿತು, ಅಮ್ಮಂದಿರ ಕಣ್ಣು ಉಳಿಯಿತು, ಇದು ಬಹಳ ಒಳ್ಳೆಯದೇ. ಉಪ್ಪಿನಕಾಯಿ ಅಂಗಡಿಯಿಂದ ಬಂತು. ಮೇಕೆ ಕಡಿಮೆಯಾಯಿತು. ಮರದ ಹತ್ತಿರ ಹೋಗುವ ಕೆಲಸವೇ ಇಲ್ಲದಂತಾಯಿತು. ಮರ ಕಾಡು ಬೆಳೆಯಿತು ಅಂತ ನಾವು ದೂರುತ್ತೇವೆ. ನಿಜ ಹೇಳಬೇಕೆಂದರೆ ಮರ ಬದಲಾಗಿಲ್ಲ, ಮನೆ ಬದಲಾಗಿದೆ. ಮೊದಲು ಬಳಕೆಯಿಂದ ತಾನಾಗಿ ಆಗುತ್ತಿದ್ದ ಕೆಲಸವನ್ನು ಈಗ ತಿಳಿದು ಮಾಡಬೇಕು, ಅಷ್ಟೇ.

ಮೈಲುತುತ್ತ ಬಂದ ದಾರಿ

ಹಳೆಯ ಲೇಪದ ಜಾಗಕ್ಕೆ ಹೊಸ ಲೇಪ ಬಂದ ಕಥೆ ಅಡಿಕೆ ಬೆಳೆಗಾರರಾದ ನಮಗೆ ತಿಳಿದಿರಲೇಬೇಕು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗುಲದೆ ಇದ್ದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಇದನ್ನು ಔಷಧಿಯೆಂದು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬುವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ರೋಗ ಮತ್ತು ಕೀಟ ತಜ್ಞರಾಗಿ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರ ಕಾರಣವೆಂದು ಕಂಡುಹಿಡಿದು, 1910ರ ಸುಮಾರಿಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದರು. 1913ರಲ್ಲಿ ಅವರೇ ಕೃಷಿ ನಿರ್ದೇಶಕರಾದರು. ನಿಂಬೆ, ಕಿತ್ತಳೆ ಮರದ ಬುಡದಲ್ಲಿ ತೊಗಟೆ ಒಡೆದು ಅಂಟು ಸೋರುವ ರೋಗಕ್ಕೂ ಇದೇ ಫೈಟಾಫ್ತೊರಾ ಮನೆತನದ ಶಿಲೀಂಧ್ರವೇ ಕಾರಣ. ಅಡಿಕೆಗೆ ಕಲಿತ ಔಷಧಿ ನಿಂಬೆಗೂ ಬಂದದ್ದು ಹೀಗೆ.

ದ್ರಾಕ್ಷಿ ಕತ್ತರಿ ನಿಂಬೆಗೆ ಆಗದು

ಸವರುವ ಕತ್ತರಿ ನಮ್ಮ ರೈತರಿಗೆ ಪರಿಚಯವಾದದ್ದು ಹೆಚ್ಚಾಗಿ ದ್ರಾಕ್ಷಿ ತೋಟದಲ್ಲಿ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸೇರಿ ಕಟ್ಟಿದ ಸಹಕಾರ ಸಂಘವೇ ಮುಂದೆ ನಾವೆಲ್ಲ ಬಲ್ಲ ಹಾಪ್‌ಕಾಮ್ಸ್ ಆಯಿತು ಎಂಬುದನ್ನು ಸಹಕಾರಿಗಳಾದ ನಾವು ಹೆಮ್ಮೆಯಿಂದ ನೆನೆಯಬೇಕು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಗಿ, ಡಾ. ಎಂ. ಎಚ್. ಮರಿಗೌಡರ ನೇತೃತ್ವದಲ್ಲಿ ಊರೂರಿಗೆ ಹಣ್ಣಿನ ಗಿಡ, ಸರ್ಕಾರಿ ತೋಟಗಾರಿಕೆ ಫಾರಂಗಳು ಬಂದವು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅದರ ಪ್ರಯೋಗ ಕೇಂದ್ರ ನಮ್ಮ ತುಮಕೂರು ರಸ್ತೆಯ ಹಿರೇಹಳ್ಳಿಯಲ್ಲೇ ಇದೆ.

ಆದರೆ ದ್ರಾಕ್ಷಿ ಬಳ್ಳಿಯನ್ನು ಬೋಳು ಮಾಡುವುದನ್ನು ನೋಡಿದವರು ನಿಂಬೆಯನ್ನೂ ಬೋಳು ಮಾಡುವ ರೂಢಿ ಬಂತು. ಇಲ್ಲೇ ಎಡವಟ್ಟು. ದ್ರಾಕ್ಷಿ ತನ್ನ ಆಹಾರವನ್ನು ಬೇರಿನಲ್ಲಿ, ಬಳ್ಳಿಯ ಕಟ್ಟಿಗೆಯಲ್ಲಿ ಕೂಡಿಡುತ್ತದೆ. ಎಲೆ ಪೂರ್ತಿ ಹೋದರೂ ಎದ್ದು ಬರುತ್ತದೆ. ನಿಂಬೆ ಸದಾ ಹಸಿರಿನ ಮರ. ಅದರ ಆಹಾರದ ದೊಡ್ಡ ಪಾಲು ಎಲೆಯಲ್ಲೇ ಇರುತ್ತದೆ. ಎಲೆಯೆಲ್ಲ ತೆಗೆದರೆ ಕಣಜವನ್ನೇ ಬರಿದು ಮಾಡಿದಂತೆ. ಅದೂ ಅಲ್ಲದೆ ನೆರಳಲ್ಲಿದ್ದ ತೆಳು ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ರೋಗ ಹೊಕ್ಕುತ್ತದೆ. "ಸವರಿದ ಮೇಲೆ ಮರ ಸತ್ತೇಹೋಯ್ತು" ಅಂತ ಜನ ಹೇಳುವುದಕ್ಕೆ ಇದೇ ಕಾರಣ.

ಕೊಡಗು ಮತ್ತು ಫ್ಲಾರಿಡಾ ಕಲಿಸಿದ ಪಾಠ

ಕೊಡಗಿನ ಕಿತ್ತಳೆ ಎಂದರೆ ಒಂದು ಕಾಲಕ್ಕೆ ನಾಡಿಗೇ ಹೆಸರು. ಗೋಣಿಕೊಪ್ಪಲಿನಲ್ಲಿ ಕಿತ್ತಳೆ ಬೆಳೆಗಾರರದೇ ಸಹಕಾರ ಸಂಘವಿತ್ತು. ಗ್ರೀನಿಂಗ್ ರೋಗ, ಟ್ರಿಸ್ಟೆಜಾ ವೈರಸ್, ಬೇರುಕೊಳೆ ಎಲ್ಲ ಸೇರಿ ಆ ತೋಟಗಳು ಸೊರಗಿದವು. ಭೌಗೋಳಿಕ ಗುರುತಿನ ಮಾನ್ಯತೆ ಬರುವ ಹೊತ್ತಿಗೆ ಹಳೆಯ ವೈಭವದ ಬಹುಪಾಲು ಹೋಗಿತ್ತು. ಗ್ರೀನಿಂಗ್ ರೋಗ ಹರಡುವ ಸಣ್ಣ ಜಿಗಿಹುಳು ಎಳೆ ಚಿಗುರಿನ ಮೇಲೆ ಕೂರುತ್ತದೆ. ಎಲೆಯಲ್ಲಿ ರಂಗೋಲಿ ಬಿಡಿಸಿದಂತೆ ಸುರಂಗ ಕೊರೆಯುವ ಹುಳುವಿಗೂ ಎಳೆ ಚಿಗುರೇ ಬೇಕು. ಒಂದೇ ಸಲಕ್ಕೆ ಮರ ಬೋಳಿಸಿದರೆ ಮೈತುಂಬ ಎಳೆ ಚಿಗುರು ಒಡೆದು ಇವುಗಳಿಗೆ ಹಬ್ಬ ಮಾಡಿಕೊಟ್ಟಂತೆ.

ಇನ್ನೊಂದು ಕಜ್ಜಿ ರೋಗ. ಎಲೆ, ಕಾಯಿಯ ಮೇಲೆ ಒರಟು ಚುಕ್ಕೆ ಬರುತ್ತದಲ್ಲ, ಅದು. 1827ರಿಂದ 1831ರ ನಡುವೆ ಭಾರತದಲ್ಲಿ ಸಂಗ್ರಹಿಸಿ ಇಂಗ್ಲೆಂಡಿನಲ್ಲಿಟ್ಟ ಒಣ ಎಲೆಯಲ್ಲೇ ಇದರ ಗುರುತು ಸಿಕ್ಕಿದೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1995ರಲ್ಲಿ ಇದು ಮತ್ತೆ ಕಾಣಿಸಿಕೊಂಡಾಗ ಸರ್ಕಾರದವರು ಮನೆಗಳ ಹಿತ್ತಲಿಗೇ ನುಗ್ಗಿದರು. ರೋಗದ ಮರದಿಂದ 1,900 ಅಡಿ ಒಳಗಿರುವ ಎಲ್ಲ ನಿಂಬೆ, ಕಿತ್ತಳೆ ಮರ ಕಡಿಯಬೇಕೆಂದು ನಿಯಮವಾಯಿತು. ಜನ ಕೋರ್ಟಿಗೆ ಹೋದರು. ಕೊನೆಗೆ ಬಿರುಗಾಳಿಗಳಲ್ಲಿ ರೋಗ ಹರಡಿ ಕೈಮೀರಿತು ಅಂತ 2006ರ ಜನವರಿಯಲ್ಲಿ ಆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಕಡಿಯುವುದರಿಂದಲೇ ಎಲ್ಲ ಸರಿಯಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ಕಜ್ಜಿ ಇದ್ದೇ ಇದೆ. ಅದನ್ನು ಹದ್ದಿನಲ್ಲಿಡುವ ಸವರುವಿಕೆ, ಆಯುಧದ ಶುಚಿ ಇವೇ ನಮಗೆ ದಾರಿ.

ಈಗ ಮಾಡಬೇಕಾದ ಕ್ರಮ

ಕಾಲ: ಮುಖ್ಯ ಫಸಲು ಕಿತ್ತು, ಮಳೆ ನಿಂತ ಮೇಲೆ. ನಮ್ಮ ಕಡೆ ಕಾರ್ತಿಕ ಕಳೆದು ಸಂಕ್ರಾಂತಿಯ ಒಳಗೆ ಹದವಾದ ಕಾಲ. ಮಳೆಯಲ್ಲಿ ಸವರಿದರೆ ಗಾಯಕ್ಕೆ ಕಜ್ಜಿ ತಗುಲುತ್ತದೆ. ಯುಗಾದಿಯ ಉರಿಬಿಸಿಲಿನಲ್ಲಿ ತೊಗಟೆ ಸುಡುತ್ತದೆ.

ಪ್ರಮಾಣ: ಒಂದು ವರ್ಷಕ್ಕೆ ಮರದ ಹಸಿರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಇಪ್ಪತ್ತು ವರ್ಷ ಬಿಟ್ಟ ಮರವನ್ನು ಮೂರು ವರ್ಷದಲ್ಲಿ ದಾರಿಗೆ ತಂದರೆ ಸಾಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ನಿಂಬೆ ಮರ ಬಗ್ಗುತ್ತೆ, ನಿಧಾನವಾಗಿ ಬಗ್ಗಿಸಬೇಕು.

ಏನೇನು ತೆಗೆಯಬೇಕು: ಮೊದಲನೆಯದು ಒಣಗಿದ, ರೋಗ ಹಿಡಿದ ರೆಂಬೆ. ಎರಡನೆಯದು ಬದನಿಕೆ (ಬಂದಳಿಕೆ ಅಂತಲೂ ಕರೆಯುತ್ತಾರೆ). ಅದನ್ನು ಬರೀ ಕಿತ್ತರೆ ಮತ್ತೆ ಬರುತ್ತದೆ, ಅದು ಕೂತ ಕೊಂಬೆಯನ್ನು ಒಂದು ಅಡಿ ಕೆಳಗಿನಿಂದಲೇ ತೆಗೆಯಬೇಕು. ಮೂರನೆಯದು ದಪ್ಪ ಕೊಂಬೆಯಿಂದ ನೆಟ್ಟಗೆ ಮೇಲಕ್ಕೆ ಹೋಗುವ ಕಳ್ಳ ಚಿಗುರು. ಕಸಿ ಗಿಡವಾದರೆ ಕಸಿಗಂಟಿನ ಕೆಳಗೆ ಒಡೆದದ್ದನ್ನು ಪೂರ್ತಿ ತೆಗೆಯಿರಿ. ಅದು ಬೇರಿಗೆಂದು ಹಾಕಿದ ಕಾಡುನಿಂಬೆಯ ಜಾತಿ, ಬಿಟ್ಟರೆ ನಿಮ್ಮ ಮೂಸಂಬಿಯನ್ನೇ ನುಂಗುತ್ತದೆ. ನಾಲ್ಕನೆಯದು ಒಂದಕ್ಕೊಂದು ಉಜ್ಜುವ ಕೊಂಬೆ, ಮತ್ತು ನೆಲದಿಂದ ಎರಡು ಅಡಿಯೊಳಗೆ ಇಳಿಬಿದ್ದ ಕೊಂಬೆ. ಮಳೆನೀರು ನೆಲಕ್ಕೆ ಬಿದ್ದು ಸಿಡಿದಾಗ ಮಣ್ಣಿನ ರೋಗ ಎಲೆಗೆ ಹತ್ತುವುದು ಇವುಗಳಿಂದಲೇ. ಇಷ್ಟಾದ ಮೇಲೆ ನಡುಮರಕ್ಕೆ ಬಿಸಿಲು ಚೂರುಚೂರಾಗಿ ಇಳಿದರೆ ಸಾಕು. ಬೆಳಕಿಲ್ಲದ ಒಳಗಿನ ರೆಂಬೆಯಲ್ಲಿ ಹೂ ಕಟ್ಟುವುದಿಲ್ಲ.

ಹೇಗೆ ಕುಯ್ಯಬೇಕು: ದಪ್ಪ ಕೊಂಬೆಗೆ ಮಚ್ಚು ಬೇಡ, ಗರಗಸ ಬಳಸಿ. ಬುಡದಿಂದ ಒಂದು ಅಡಿ ದೂರದಲ್ಲಿ ಕೆಳಗಡೆಯಿಂದ ಸ್ವಲ್ಪ ಕುಯ್ದು, ಅದರಾಚೆ ಮೇಲಿನಿಂದ ಕುಯ್ದು ಭಾರ ಇಳಿಸಿ. ಕೊನೆಗೆ ಬುಡದ ಉಬ್ಬಿನ ಅಂಚಿಗೆ ನಯವಾಗಿ ತೆಗೆಯಿರಿ. ಹೀಗೆ ಮಾಡಿದರೆ ತೊಗಟೆ ಸಿಗಿಯುವುದಿಲ್ಲ. ಮೋಟು ಬಿಡಬೇಡಿ, ಉಬ್ಬನ್ನೂ ಕುಯ್ಯಬೇಡಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಆಯುಧವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕರೆಂಟಿನ ತಂತಿ ಹತ್ತಿರವಿದ್ದರೆ ಲೈನ್ ಆಫ್ ಮಾಡಿಸದೆ ಮರ ಮುಟ್ಟಲೇಬೇಡಿ.

ಲೇಪ: ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಎರಡನ್ನೂ ಬೇರೆ ಬೇರೆ ಅರ್ಧರ್ಧ ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕಲಸಿ, ಆಮೇಲೆ ಸೇರಿಸಿ. ಶುಭ್ರವಾದ ಕುಡುಗೋಲನ್ನು ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅವತ್ತೇ ಗಾಯಕ್ಕೆ ಬಳಿದು ಮುಗಿಸಿ. ಬಿಸಿಲಿಗೆ ಬಿದ್ದ ಕಾಂಡಕ್ಕೆ ತೆಳು ಸುಣ್ಣ ಹೊಡೆಯಿರಿ. ಕೊಟ್ಟಿಗೆ ಗೊಬ್ಬರ, ಹದವಾದ ನೀರು ಕೊಡಿ. ನೀರು ಕಾಂಡಕ್ಕೆ ತಾಗಿ ನಿಲ್ಲದಂತೆ ಪಾತಿ ಮಾಡಿ.

ಸಂಘದ ಮುಂದೆ ಒಂದು ವಿನಂತಿ

ಒಂದು ಹಿತ್ತಲ ಮರದಿಂದ ಏನು ಮಹಾ ಅಂತ ಕೇಳಬಹುದು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರವನ್ನೇ ನೋಡಿ. ಒಬ್ಬ ರೈತರ ಜಮೀನಿನ ಒಂಟಿ ಮರ ಅದು. ಅದರ ಕೆಂಪು ತೊಳೆಯ ಗುಣ ಕಂಡು, 2017ರಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡರು. 'ಸಿದ್ದು' ಹಲಸು ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳು ದೂರದೂರಕ್ಕೆ ಹೋಗಿವೆ. ಯಾರೋ ಒಂದು ದಿನ ಕೊಡಲಿ ಹಾಕಿದ್ದರೆ ಆ ತಳಿ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಹಿತ್ತಲುಗಳಲ್ಲಿ ಹೇರಳೆ, ಗಜನಿಂಬೆ, ಮಾದಳ ಈಗ ಬೆರಳೆಣಿಕೆಯಷ್ಟು ಉಳಿದಿವೆ. ಇವುಗಳಲ್ಲಿ ಯಾವ ಮರದಲ್ಲಿ ಏನು ಗುಣವಿದೆಯೋ ಯಾರು ಬಲ್ಲರು? ಇವನ್ನು ಯಾರೂ ದ್ವೇಷದಿಂದ ಕಡಿಯುತ್ತಿಲ್ಲ. ಸವರಲು ಬಾರದೆ ಕಡಿಯುತ್ತಿದ್ದಾರೆ.

ಆದ್ದರಿಂದ ನಿರ್ದೇಶಕ ಮಂಡಳಿಯ ಮುಂದೆ ಒಂದು ಚಿಕ್ಕ ಸಲಹೆ ಇಡುತ್ತೇನೆ. ಸಂಘದಿಂದ ಎರಡು ಉದ್ದ ಕೋಲಿನ ಗರಗಸ, ನಾಲ್ಕು ಸವರುವ ಕತ್ತರಿ ಕೊಂಡು, ರಿಜಿಸ್ಟರಿನಲ್ಲಿ ಬರೆದು ಸದಸ್ಯರಿಗೆ ಎರವಲು ಕೊಡೋಣ. ಊರಿನ ನಾಲ್ಕು ಜನ ಯುವಕರನ್ನು ಹಿರೇಹಳ್ಳಿಗೆ ಕಳಿಸಿ ಈ ಕೆಲಸ ಕಲಿಸೋಣ. ಅವರಿಗೂ ಸುಗ್ಗಿ ಮುಗಿದ ಮೇಲೆ ತುಮಕೂರಿನ ಬಡಾವಣೆಗಳಲ್ಲಿ ನಾಲ್ಕು ಕಾಸು ದುಡಿಮೆಯಾಗುತ್ತದೆ. ಯಾರ ಯಾರ ಹಿತ್ತಲಲ್ಲಿ ಹೇರಳೆ, ಮಾದಳ ಉಳಿದಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡೋಣ. ಬುಕಾನನ್ ಸಾಹೇಬರ ಪುಸ್ತಕದಲ್ಲಿ ಬಾರದ, ಪಹಣಿಯಲ್ಲಿ ಕಾಣದ ಮರಗಳಿಗೆ ನಮ್ಮ ಸಂಘದ ಪುಸ್ತಕದಲ್ಲಾದರೂ ಒಂದು ಸಾಲು ಸಿಗಲಿ.

ದೊಡ್ಡವರನ್ನು ಕಾಣಲು ಹೋಗುವಾಗ ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಹೋಗುವುದು ನಮ್ಮ ಸೀಮೆಯ ಮರ್ಯಾದೆ. ಆ ಹಣ್ಣು ಮುಂದೆಯೂ ನಮ್ಮ ನಮ್ಮ ಹಿತ್ತಲಿನದೇ ಆಗಿರಲಿ ಎಂದು ಆಶಿಸುತ್ತಾ, ಸಂಘದ ಸಮಸ್ತ ಸದಸ್ಯ ಬಂಧುಗಳಿಗೂ ಸಿಬ್ಬಂದಿ ವರ್ಗದವರಿಗೂ ಬೆಳ್ಳಿಹಬ್ಬದ ಶುಭಾಶಯಗಳನ್ನು ಕೋರುತ್ತೇನೆ.